ಖಾಲಿ ಬೇಡ

ಏಸಿಯ ನೀರು ಮತ್ತೆ ತೊಟ್ಟಿಕ್ಕುತ್ತಿದೆ, ಟಪ್, ಆಮೇಲೆ ಏನೂ ಇಲ್ಲ, ಸದ್ಯ ನಿಂತಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಟಪ್ — ಕೆಳಗೆ ಯಾರೋ ನೀಲಿ ಬಕೆಟ್ ಇಟ್ಟಿದ್ದಾರೆ, ಬಕೆಟ್ ಇಟ್ಟಮೇಲೆ ಮುಗಿಯಿತಲ್ಲ, ರಿಪೇರಿಯಾದ ಹಾಗೇ, ಈ ಆಫೀಸಿನಲ್ಲಿ ಎಲ್ಲದಕ್ಕೂ ಇದೇ ಮದ್ದು — ಅವಳು ಪರದೆಯ ಮೇಲಿನ ದೂರನ್ನು ನಾಲ್ಕನೆಯ ಸಲ ಓದುತ್ತಿದ್ದಾಳೆ, ಓದುತ್ತಿದ್ದಾಳೆ ಅನ್ನುವುದೂ ಸುಳ್ಳು, ಕಣ್ಣು ಮೊದಲ ಸಾಲಿಗೇ ಎಡವಿ ಬಿದ್ದು ಅಲ್ಲೇ ಕೂತಿದೆ, ತಾಯಿ ತೀರಿಕೊಂಡದ್ದು ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ, ಆಸ್ಪತ್ರೆಯ ವೆಬ್ ಪುಟ ಸಂಜೆ ಐದರವರೆಗೂ ಸ್ಥಿತಿ ಸ್ಥಿರ ಎಂದು ತೋರಿಸುತ್ತಿತ್ತು, ಯಾಕೆ. ಯಾಕೆ, ಅಷ್ಟೇ. ಬೈಗುಳವಿಲ್ಲ, ಕೋರ್ಟು ಕಚೇರಿ ಅಂತ ಹೆದರಿಸಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ದೂರು ಕೊಟ್ಟವರ ಹೆಸರನ್ನು ನಿಯಮದ ಪ್ರಕಾರ ಮುಚ್ಚಿದ್ದಾರೆ, ರೋಗಿಯ ಮಗಳು ಎಂದಷ್ಟೇ ಬಿಟ್ಟಿದ್ದಾರೆ, ಆದರೆ ಹನ್ನೊಂದು ನಲವತ್ತನ್ನು ಮುಚ್ಚಲಿಲ್ಲ, ಅದೊಂದು ಸಾಕು, ಮಗಳು ಅಂದರೆ ಮನೆಯವರೆಲ್ಲ ಮರಿ ಎಂದು ಕರೆಯುವ ಹುಡುಗಿ, ತೀರಿಕೊಂಡವಳು ಅಕ್ಕ, ಇವಳ ಒಡಹುಟ್ಟಿದ ಅಕ್ಕ, ಇಪ್ಪತ್ತಮೂರು ದಿನವಾಯಿತು. ಈ ದೂರು ಅದೇ ಅಕ್ಕನದು ಎಂದು ಮ್ಯಾನೇಜರ್‌ಗೆ ಗೊತ್ತಿಲ್ಲ. ನಾಲ್ಕು ದಿನ ರಜೆ ಕೊಟ್ಟಿದ್ದರು, ಪಾಪ, ನಿಮ್ಮಕ್ಕ ಅಲ್ವಾ, ಅಂದಿದ್ದರು, ಈಗ ಅದೇ ಬಾಯಲ್ಲಿ, ಊಟದೊಳಗೆ ಮುಗಿಸಿಬಿಡಿ ಇದನ್ನ, ನೀವೇ ಬರೆದಿದ್ದಲ್ವಾ ಆ ಫಂಕ್ಷನ್ನು, ಅಂತ ಹೇಳಿ ಹೋಗಿದ್ದಾರೆ.

ಹೌದು, ಅವಳೇ ಬರೆದದ್ದು, ಹೆಸರಿಟ್ಟದ್ದೂ ಅವಳೇ, ಖಾಲಿಬೇಡ — ಎಲ್ಲರೂ ಫಂಕ್ಷನ್ನುಗಳಿಗೆ ಇಂಗ್ಲಿಷಿನಲ್ಲಿ ಹೆಸರಿಡುವಾಗ ಇವಳು ತಮಾಷೆಗೆ ಇಟ್ಟಿದ್ದು, ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಬಳಸಿದರು, ನಕ್ಕವರೇ ಹೆಚ್ಚು ಬಳಸಿದ್ದು. ಅದರಲ್ಲಿ ಇರುವುದೇ ಮೂರು ಸಾಲು, ಕಂಪ್ಯೂಟರಿಗೆ ಕೊಡುವ ಮೂರು ಅಪ್ಪಣೆ. ಆಸ್ಪತ್ರೆಯ ಪುಟಕ್ಕೆ ಒಂದು ಅಚ್ಚು, ಟೆಂಪ್ಲೇಟು, ಅದರ ತುಂಬ ತೂತುಗಳು, ಹಾಸಿಗೆಯ ನಂಬರಿಗೊಂದು ತೂತು, ವಾರ್ಡಿಗೊಂದು, ರೋಗಿಯ ಸ್ಥಿತಿಗೊಂದು, ಯಾರೋ ಎಲ್ಲೋ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಪುಟ ತೆರೆದರೆ ಸಾಕು, ಸರ್ವರ್ ಅಚ್ಚನ್ನು ಎತ್ತಿಕೊಂಡು ಒಂದೊಂದೇ ತೂತಿನ ಮುಂದೆ ನಿಂತು ಇವಳು ಬರೆದ ಫಂಕ್ಷನ್ನುಗಳನ್ನು ಕೂಗುತ್ತದೆ, ದಿನಾಂಕವನ್ನು ಓದುವ ಹಾಗೆ ಮಾಡಿಕೊಡುವುದು ಒಂದು, ಉದ್ದ ಹೆಸರನ್ನು ಕತ್ತರಿಸುವುದು ಒಂದು, ಖಾಲಿಬೇಡ ಒಂದು. ನರ್ಸ್ ಏನಾದರೂ ಬರೆದಿದ್ದರೆ ಅದನ್ನೇ ತೋರಿಸು, ಏನೂ ಬರೆಯದಿದ್ದರೆ ಇದನ್ನು ತೋರಿಸು. ಇದನ್ನು ಅಂದರೆ ಯಾವುದನ್ನು — ಅಲ್ಲೇ, ಆ ಮೂರನೆಯ ಸಾಲಿನಲ್ಲಿ, ಎರಡು ಉದ್ಧರಣ ಚಿಹ್ನೆಗಳ ನಡುವೆ ಬೆಚ್ಚಗೆ ಮಲಗಿದೆ, ಸ್ಥಿತಿ ಸ್ಥಿರ. ಪುಟ ಒಮ್ಮೆ ಹೊರಟುಬಿಟ್ಟರೆ ಯಾವುದು ನರ್ಸ್ ಬರೆದದ್ದು ಯಾವುದು ಫಂಕ್ಷನ್ನು ತುಂಬಿದ್ದು ಎಂದು ಆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ, ಅದೇ ಅಕ್ಷರ, ಅದೇ ಗಾತ್ರ, ಅದೇ ಹಸಿರು.

ನೀನು ಮಾಡೋ ಕೆಲಸ ಏನೇ, ಸರಿಯಾಗಿ ಹೇಳೇ, ಎಂದು ಅಕ್ಕ ಒಮ್ಮೆ ಪಟ್ಟು ಹಿಡಿದಿದ್ದಳು, ಮಡಿಲಲ್ಲಿ ಉತ್ತರ ಪತ್ರಿಕೆಗಳ ಕಟ್ಟು, ಕಿವಿಯ ಹಿಂದೆ ಕೆಂಪು ಪೆನ್ನು, ನಾಲ್ಕನೆಯ ತರಗತಿಯ ಟೀಚರು, ಮೂವತ್ತೊಂದು ವರ್ಷ ಅದೇ ನಾಲ್ಕನೆಯ ತರಗತಿ, ಮಕ್ಕಳೆಲ್ಲ ಪಾಸಾಗಿ ಹೋದರು, ನಾನೊಬ್ಬಳು ಅಲ್ಲೇ ಫೇಲಾಗ್ತಾ ಇದೀನಿ, ಅನ್ನುತ್ತಿದ್ದಳು. ಇವಳು ಅಚ್ಚು ತೂತು ಅಂತ ಏನೇನೋ ವಿವರಿಸಿದಳು, ಅಕ್ಕ ಎಲ್ಲ ಕೇಳಿಸಿಕೊಂಡು, ಅಷ್ಟೇನಾ, ಹಾಗಾದ್ರೆ ಬಿಟ್ಟ ಸ್ಥಳ ತುಂಬೋದು ಅನ್ನು, ಅಂದಳು. ಬಿಟ್ಟ ಸ್ಥಳ ತುಂಬಿರಿ, ಐದು ಅಂಕ. ಅಕ್ಕನ ಹತ್ತಿರ ಅದಕ್ಕೊಂದು ವಿಚಿತ್ರ ಕಾನೂನಿತ್ತು, ಊರಲ್ಲಿ ಇನ್ಯಾವ ಟೀಚರಿಗೂ ಇಲ್ಲದ್ದು, ಖಾಲಿ ಬಿಟ್ಟರೆ ಸೊನ್ನೆ, ಬಾಯಿಗೆ ಬಂದದ್ದು ಗೀಚಿದರೆ ಒಂದು ಅಂಕ ಕಡಿತ, ಮಕ್ಕಳ ಅಪ್ಪಂದಿರು ಬಂದು ಜಗಳವಾಡಿದರೂ ಜಗ್ಗಲಿಲ್ಲ, ಹೆಡ್ ಮಾಸ್ಟರ್ ಕರೆದು ಹೇಳಿದರೂ ಅಷ್ಟೇ. ಖಾಲಿ ಬಿಟ್ಟ ಮಗುಗೆ ನಾಳೆ ಕೂತು ಹೇಳ್ಕೊಡ್ತೀನಿ ಸಾರ್, ಗೊತ್ತಿದೆ ಅಂತ ಬರ್ದಿರೋ ಮಗು ನನ್ನ ಕಣ್ಣಿಗೇ ಬೀಳಲ್ಲ. ಇವಳಿಗೂ ಅದೇ ಪೆಟ್ಟು ಬಿದ್ದಿದೆ, ಅಮ್ಮ ಹೋದಮೇಲೆ ಇವಳಿಗೆ ಅಕ್ಷರ ತಿದ್ದಿಸಿದ್ದೂ ಜಡೆ ಹಾಕಿದ್ದೂ ಅಕ್ಕನೇ, ಹನ್ನೊಂದು ವರ್ಷ ದೊಡ್ಡವಳು, ಅಡುಗೆಮನೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಗೊತ್ತಿಲ್ವಾ, ಗೊತ್ತಿಲ್ಲ ಅನ್ನು, ಗೊತ್ತಿಲ್ಲ ಅಂದ್ರೆ ನಾಲಿಗೆ ಏನ್ ಸವೆಯಲ್ಲ — ಟಪ್, ಬಕೆಟ್ಟಿನಲ್ಲಿ ಈಗ ನೀರಿನ ಮೇಲೆ ನೀರು ಬೀಳುವ ಸದ್ದು, ಬೇಗ ತುಂಬುತ್ತದೆ.

ಎರಡು ವರ್ಷದ ಹಿಂದೆ ಆಸ್ಪತ್ರೆಯವರಿಗೆ ಪುಟ ತೋರಿಸುವ ದಿನ, ಕೋಟು ಹಾಕಿದ ನಾಲ್ಕು ಜನ ಹೊರಗೆ ಸೋಫಾದಲ್ಲಿ ಕೂತಾಗಿದೆ, ಚಹಾ ಕುಡಿಯುತ್ತಿದ್ದಾರೆ, ಪರದೆಯ ಮೇಲೆ ಇಪ್ಪತ್ತು ಹಾಸಿಗೆಗಳ ಪಟ್ಟಿ, ಅದರಲ್ಲಿ ಏಳರ ಮುಂದೆ ಏನೂ ಇಲ್ಲ, ಮ್ಯಾನೇಜರ್ ನೋಡಿ ಮುಖ ಹುಳ್ಳಗೆ ಮಾಡಿಕೊಂಡರು, ಏನ್ರೀ ಇದು, ಹಲ್ಲು ಬಿದ್ದ ಬಾಯಿ ಥರ ಕಾಣ್ತಿದೆ, ಖಾಲಿ ಬೇಡ, ಏನಾದ್ರೂ ಹಾಕಿ. ಏನು ಹಾಕಲಿ ಸಾರ್. ಏನಾದ್ರೂ ಒಳ್ಳೇದು ಹಾಕಿ. ಅವಳಿಗೆ ಕಾಲು ಗಂಟೆಯೂ ಬೇಕಾಗಲಿಲ್ಲ, ಬರೆಯುವಾಗ ಎಷ್ಟು ಖುಷಿಯಾಗಿತ್ತು, ಅದನ್ನು ನೆನೆದರೆ ಈಗ ಮೈಯೆಲ್ಲ ಮುಳ್ಳು, ಮೂರೇ ಸಾಲು, ಒಂದೂ ತಪ್ಪಿಲ್ಲ, ಮೊದಲ ಸಲಕ್ಕೇ ಓಡಿತು, ಹಲ್ಲು ಕಟ್ಟಿಸಿದ ಬಾಯಿಯ ಹಾಗೆ ಇಪ್ಪತ್ತೂ ಸಾಲು ತುಂಬಿ ನಿಂತವು. ಬಣ್ಣದ ಕೆಲಸ ನೋಡುವವನು ಪಕ್ಕದ ಮೇಜಿನಿಂದ ಬಗ್ಗಿ ನೋಡಿ ಅದಕ್ಕೆ ಹಸಿರು ಬಳಿದ, ಮನಸ್ಸಿಗೆ ತಂಪು ಅಂದ. ಇವತ್ತು ತೋರಿಸೋಕೆ ಮಾತ್ರ ಸಾರ್, ನಾಳೆ ತೆಗೀತೀನಿ, ಅಂದಿದ್ದಳು ಇವಳು. ಅಂದಿದ್ದಳು ತಾನೆ, ಅಂದಿದ್ದಳು, ಜ್ಞಾಪಕ ಇದೆ. ಆ ನಾಳೆ ಬರಲೇ ಇಲ್ಲ, ಕೋಟಿನವರು ಚಪ್ಪಾಳೆ ತಟ್ಟಿದರು, ಎಷ್ಟು ನೀಟಾಗಿದೆ ಅಂದರು, ಮಾರನೆಯ ವಾರ ಬೇರೆ ಕೆಲಸ, ಆಮೇಲೆ ಇನ್ನೊಂದು, ಸ್ಥಿರ ಅನ್ನುವುದು ಅಲ್ಲೇ ಬೇರುಬಿಟ್ಟಿತು, ಅವಳೂ ಮರೆತಳು.

ಮರೆತಳೇ. ಇಪ್ಪತ್ತಮೂರು ದಿನದಿಂದ ಇದೊಂದೇ ಪ್ರಶ್ನೆ ಮುಳ್ಳಿನ ಹಾಗೆ, ನುಂಗುವಂತಿಲ್ಲ ಉಗುಳುವಂತಿಲ್ಲ. ಅವತ್ತು ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಒಳಗೆ ಬಿಟ್ಟಿದ್ದರು, ತೀವ್ರ ನಿಗಾ ವಾರ್ಡು, ಚಪ್ಪಲಿ ಹೊರಗೆ, ಒಬ್ಬೊಬ್ಬರೇ, ಅಕ್ಕ ಬೆಳ್ಳಗೆ ಸಣ್ಣಗೆ ಹಾಸಿಗೆಗೆ ಅಂಟಿಕೊಂಡಿದ್ದಳು, ಮೂಗಿನಲ್ಲಿ ನಳಿಗೆ, ಆದರೂ ಮಾತು ಮಾತೇ, ಕಾಲು ತಣ್ಣಗಾಗಿದೆ ಕಣೇ, ಮಂಜುಗಡ್ಡೆ ಆಗಿದೆ ನೋಡು, ಅಂದಳು. ನೋಡಿದಳು, ಮುಟ್ಟಿದಳು, ಹೌದು, ಸಣ್ಣ ಪಾದ, ಹೆಬ್ಬೆರಳ ಉಗುರು ಒಂದು ಕಡೆ ಒಡೆದದ್ದು, ಹಿಂದೆ ಎಂದೋ ಶಾಲೆಯ ಬೆಂಚು ಬಿದ್ದು ಒಡೆದದ್ದು, ಬೂದು ಬಣ್ಣದ ಉಣ್ಣೆಯ ಕಾಲುಚೀಲ ತಂದಿದ್ದಳು ಮನೆಯಿಂದ, ಬ್ಯಾಗಿಗೆ ಕೈ ಹಾಕಿದರೆ ಒಂದೇ ಸಿಕ್ಕಿತು. ಎಡಗಾಲಿಗೆ ಹಾಕಿದಳು. ಇನ್ನೊಂದು, ಅಂದಳು ಅಕ್ಕ. ಇನ್ನೊಂದು ಎಲ್ಲೋ ಬಿದ್ದಿದೆ, ಹುಡುಕಿ ತರ್ತೀನಿ. ಅಕ್ಕ ಸಣ್ಣಗೆ ನಕ್ಕಳು, ಅರ್ಧ ಅಂಕ ಕೊಟ್ಟಿದೀನಿ ಹೋಗು, ಅಂದಳು. ನರ್ಸ್ ಬಂದು ಸಾಕು ಹೊರಡಿ ಅಂದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಹಿಂದಿರುಗಿ ನೋಡಿದರೆ ಹೊದಿಕೆಯಿಂದ ಹೊರಗೆ ಎರಡೂ ಪಾದ ಕಾಣುತ್ತಿದ್ದವು, ಎಡಗಾಲಿಗೆ ಚೀಲ, ಬಲಗಾಲು ಬರಿದು.

ಆಫೀಸಿಗೆ ಬಂದು ಹತ್ತೂವರೆಗೆ ಫೋನಿನ ಚಾರ್ಜರ್ ಎಳೆದರೆ ಅದರ ಬಾಲಕ್ಕೆ ಸುತ್ತಿಕೊಂಡು ಆ ಇನ್ನೊಂದು ಬಂತು, ಬ್ಯಾಗಿನ ತಳದಲ್ಲೇ ಇತ್ತು ಹಾಳಾದ್ದು. ಆಸ್ಪತ್ರೆ ಇಲ್ಲಿಂದ ಕಾಲು ಗಂಟೆ, ನಡೆದರೂ ಅರ್ಧ ಗಂಟೆ, ಅವಳು ಎದ್ದೇ ನಿಂತಿದ್ದಳು, ಎಡಗೈಯಲ್ಲಿ ಕಾಲುಚೀಲ, ಬಲಗೈಯಲ್ಲಿ ಫೋನು, ಕುರ್ಚಿ ಹಿಂದಕ್ಕೆ ತಳ್ಳಿಯಾಗಿತ್ತು, ಹೋಗುವ ಮುಂಚೆ ಒಮ್ಮೆ ನೋಡೋಣ ಅಂತ ಪುಟ ತೆರೆದಳು, ಹಾಸಿಗೆ ಹದಿನಾಲ್ಕು, ಸ್ಥಿತಿ ಸ್ಥಿರ, ಹಸಿರು. ಕೂತುಬಿಟ್ಟಳು. ಅಬ್ಬ ಅಂತ ಉಸಿರು ಬಿಟ್ಟು ಕೂತುಬಿಟ್ಟಳು, ಡಾಕ್ಟರೇ ಬಂದು ಹೆಗಲು ತಟ್ಟಿ ಹೇಳಿದ ಹಾಗೆ ನಂಬಿಬಿಟ್ಟಳು, ಸಂಜೆ ಕೊಟ್ಟರಾಯಿತು, ಈಗ ಹೋದರೂ ಒಳಗೆ ಬಿಡುವುದಿಲ್ಲ — ಬಿಡುತ್ತಿದ್ದರು, ನರ್ಸ್ ಕೈಗೆ ಕೊಟ್ಟಿದ್ದರೂ ಸಾಕಿತ್ತು, ಗಾಜಿನ ಹೊರಗೆ ನಿಂತಿದ್ದರೂ ಸಾಕಿತ್ತು. ಒಂಬತ್ತಕ್ಕೆ ನರ್ಸುಗಳ ಪಾಳಿ ಬದಲಾಗುತ್ತದೆ, ಹಳೆಯ ಸ್ಥಿತಿ ಅಳಿಸಿಹೋಗುತ್ತದೆ, ಹೊಸಬರು ಬರೆಯಬೇಕು, ಎಲ್ಲ ನೆಟ್ಟಗಿದ್ದರೆ ಬರೆಯುತ್ತಾರೆ, ರೋಗಿಯ ಉಸಿರು ಎಳೆಯತೊಡಗಿದಾಗ ಪುಟ ತುಂಬಿಸುತ್ತ ಕೂರುವ ನರ್ಸ್ ಯಾರು, ಕೈಕಾಲು ಓಡಾಡುವುದು ಬೇರೆ ಕಡೆ, ಅಂದರೆ ಕೆಟ್ಟ ಹೊತ್ತಿನಲ್ಲೇ ಆ ಜಾಗ ಖಾಲಿಯಾಗಿರುವುದು, ಆ ಹೊತ್ತಿನಲ್ಲೇ ಸರಿಯಾಗಿ ಖಾಲಿಬೇಡ ಎದ್ದು ಬಂದು ಹಸಿರು ಬಳಿಯುವುದು, ಇದು ಎರಡು ವರ್ಷ ಯಾರ ತಲೆಗೂ ಹೊಳೆಯಲಿಲ್ಲ, ಬರೆದವಳ ತಲೆಗೂ. ಅಥವಾ ಹೊಳೆಯಿತೇ — ಕೂರುವ ಮುಂಚೆ, ಅರೆಕ್ಷಣ, ಇದು ನರ್ಸ್ ಬರೆದದ್ದೋ ನಾನು ಬರೆದದ್ದೋ ಎಂದು ಒಂದು ಸಣ್ಣ ಇರುವೆ ಕುತ್ತಿಗೆಯ ಹಿಂದೆ ಹರಿದು ಹೋಯಿತೇ, ಅದನ್ನು ಅವಳು ಒರೆಸಿ ಹಾಕಿದಳೇ.

ಅಷ್ಟರಲ್ಲಿ ಮರಿಯ ಫೋನು. ಎರಡು ದಿನದಿಂದ ಆಸ್ಪತ್ರೆಯ ಕಬ್ಬಿಣದ ಬೆಂಚಿನ ಮೇಲೆ ಕೂತು ಕೂತು ಆ ಮಗುವಿನ ದನಿಯೇ ಸವೆದಿತ್ತು, ಚಿಕ್ಕಮ್ಮ, ಕಣ್ಣು ಬಿಡೋಕಾಗ್ತಿಲ್ಲ, ಮನೆಗೆ ಹೋಗಿ ಒಂಚೂರು ಮಲಗಿ ಬರ್ಲಾ, ಅಮ್ಮ ಹೇಗಿದಾಳೆ ಅಂತ ಇಲ್ಲಿ ಯಾರೂ ಹೇಳ್ತಿಲ್ಲ. ಇವಳು ಪರದೆ ನೋಡಿಕೊಂಡೇ ಹೇಳಿದಳು, ಹೋಗು ಪುಟ್ಟ, ಆರಾಮಾಗಿ ಮಲಗು, ಸ್ಥಿರ ಅಂತ ತೋರಿಸ್ತಿದೆ. ಅಮ್ಮ ಕಾಲು ಚಳಿ ಅಂತಿದ್ಲು, ಸಾಕ್ಸ್ ಹಾಕಿದ್ಯಾ ಚಿಕ್ಕಮ್ಮ. ಮಡಿಲಲ್ಲಿ ಬೂದು ಕಾಲುಚೀಲ ಇಟ್ಟುಕೊಂಡೇ ಅಂದಳು, ಹ್ಞೂಂ, ಎರಡು ಕಾಲಿಗೂ ಹಾಕಿ ಬಂದೆ, ಬೆಚ್ಚಗಿದಾಳೆ. ಯಾಕೆ ಅಂದಳು. ಮಗು ನೆಮ್ಮದಿಯಾಗಿ ಮಲಗಲಿ ಅಂತ. ಸಂಜೆ ಹೇಗೂ ಹಾಕುತ್ತೇನಲ್ಲ ಅಂತ. ಬಾಯಿಗೆ ಬಂತು, ಅಂದಳು, ಅಷ್ಟೇ.

ಸಂಜೆ ಐದಕ್ಕೆ ಹೋದರೆ ಹದಿನಾಲ್ಕನೆಯ ಹಾಸಿಗೆಯ ಮೇಲೆ ಹಾಸುಬಟ್ಟೆಯೂ ಇರಲಿಲ್ಲ, ರೆಕ್ಸಿನ್ ಒರೆಸುತ್ತಿದ್ದ ಆಯಾ ಒಬ್ಬಳು ಇವಳ ಮುಖ ನೋಡಿ ಬಟ್ಟೆ ಕೆಳಗಿಟ್ಟಳು. ಎಷ್ಟು ಸಲ ಫೋನ್ ಮಾಡಿದ್ವಿ ಮೇಡಂ, ಸ್ವಿಚ್ ಆಫ್ ಬಂತು, ಅಂದರು ಕೌಂಟರಿನವರು, ಫಾರಂ ತೆಗೆದು ತೋರಿಸಿದರು, ಅಕ್ಕ ತನ್ನ ನಂಬರನ್ನೇ ಬರೆದಿದ್ದಳು, ತನ್ನ ಕೈಯಿಂದಲೇ, ಗುಂಡಗಿನ ಟೀಚರ ಅಕ್ಷರ, ಆ ಫೋನು ಅಕ್ಕನ ಬಟ್ಟೆಬರೆಯ ಜೊತೆ ಮರಿಯ ಚೀಲದಲ್ಲಿ ಚಾರ್ಜಿಲ್ಲದೆ ಬಿದ್ದಿತ್ತು, ಮರಿ ಮನೆಯಲ್ಲಿ ನಿದ್ದೆ ಮಾಡುತ್ತಿತ್ತು, ಚಿಕ್ಕಮ್ಮ ಮಲಗು ಅಂದಿದ್ದಳಲ್ಲ. ನೆಲಮಾಳಿಗೆಯ ಶವಾಗಾರಕ್ಕೆ ಇಳಿಯುವ ಮೆಟ್ಟಿಲ ಮೇಲೆ ಇವಳು ಇನ್ನೊಮ್ಮೆ ಪುಟ ತೆರೆದಳು, ಯಾಕೆ ತೆರೆದಳೋ, ಹಾಸಿಗೆ ಹದಿನಾಲ್ಕು, ಸ್ಥಿತಿ ಸ್ಥಿರ, ಆಗ, ಅಲ್ಲಿ, ಮೂರನೆಯ ಮೆಟ್ಟಿಲಲ್ಲಿ, ಆ ಎರಡು ಉದ್ಧರಣ ಚಿಹ್ನೆ ಕಣ್ಣಿಗೆ ಕಟ್ಟಿದವು. ಕೆಳಗೆ ಒಂದು ತಗಡಿನ ಮಂಚ, ಎಡಗಾಲಿಗೆ ಚೀಲ ಹಾಗೇ ಇತ್ತು, ಪುಣ್ಯಾತ್ಮರು ತೆಗೆದಿರಲಿಲ್ಲ, ಬಲಗಾಲು ಬರಿದು. ಹಾಕಲು ನೋಡಿದಳು. ಬೆರಳು ಮಡಚಲಿಲ್ಲ, ಹಿಮ್ಮಡಿ ಹತ್ತಿರ ಹೋಗಲಿಲ್ಲ, ಎಳೆದಳು, ಇನ್ನಷ್ಟು ಎಳೆದಳು, ಅಲ್ಲಿದ್ದವನು ಬಿಡಿ ಅಮ್ಮ, ಇನ್ನ್ಯಾಕೆ, ಅಂದ. ಮರಿ ಬರುವ ಹೊತ್ತಿಗೆ ಬಿಳಿ ಬಟ್ಟೆ ಸುತ್ತಿ ಕಟ್ಟಿಯಾಗಿತ್ತು, ಮುಖವೊಂದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಆಮೇಲೆ ಮರಿ ಸರ್ಟಿಫಿಕೇಟ್ ಓದಿತು, ಸಮಯ ಓದಿತು, ಚಿಕ್ಕಮ್ಮ ನೀನು ಸ್ಥಿರ ಅಂತ ಇದೆ ಅಂದ್ಯಲ್ಲ, ನಾನು ನಾಲ್ಕು ಗಂಟೆಗೆ ಎದ್ದು ನೋಡ್ದಾಗ್ಲೂ ಹಾಗೇ ಇತ್ತಲ್ಲ, ಅಂತ ಕೇಳಿತು, ಇವಳು ಏನಂದಳು, ಸರ್ವರ್ ಸ್ಲೋ ಇದ್ದಿರಬೇಕು ಕಣೇ, ಅಂದಳು. ಸರ್ವರ್ ಸ್ಲೋ. ಅದು ನಾಲ್ಕನೆಯ ದಿನ. ಹತ್ತನೆಯ ದಿನ ಮರಿ, ನಾನು ಮಲಗಬಾರದಿತ್ತು, ಬೆಂಚಿನ ಮೇಲೇ ಇದ್ದಿದ್ರೆ ಕರೀತಿದ್ರು, ಅಂತ ಗೋಡೆಗೆ ಮುಖ ಮಾಡಿ ಕೂತಿತು, ಇವಳು ಬೆನ್ನು ಸವರಿದಳು, ಅಷ್ಟೇ. ಇಪ್ಪತ್ತೆರಡು ವರ್ಷದ ಹುಡುಗಿ, ಊಟ ಬಿಟ್ಟಿದೆ, ಕೆಲಸಕ್ಕಿರುವ ಫೋಟೊ ಸ್ಟುಡಿಯೋಗೆ ಹೋಗಿ ಸುಮ್ಮನೆ ಕತ್ತಲೆ ಕೋಣೆಯಲ್ಲಿ ಕೂತು ಬರುತ್ತದಂತೆ, ಯಾರದೋ ತಪ್ಪನ್ನು ಹೊತ್ತು ತಿರುಗುತ್ತಿದೆ, ಆ ಯಾರೋ ಇಲ್ಲಿ ಏಸಿಯ ಕೆಳಗೆ ಕೂತಿದ್ದಾಳೆ. ನೋಡಿ, ಕಾರಣ ಅನ್ನೋ ಜಾಗದಲ್ಲಿ ತಾಂತ್ರಿಕ ಕಾರಣ ಅಂತ ಹಾಕಿಬಿಡಿ, ಯಾರಿಗೂ ನೋವಾಗಲ್ಲ, ಎಂದು ಮ್ಯಾನೇಜರ್ ಹೇಳಿದ್ದಾರೆ, ಅಥವಾ ಏನೂ ಹಾಕದಿದ್ದರೂ ನಡೆಯುತ್ತೆ, ಅದೇ ಬರುತ್ತಲ್ಲ. ಹೌದಲ್ಲ. ದೂರಿನ ಪುಟಕ್ಕೂ ಖಾಲಿಬೇಡವನ್ನೇ ಅಂಟಿಸಿದ್ದಾರೆ. ಅವಳು ಸುಮ್ಮನೆ ಮುಗಿಸು ಅನ್ನುವ ಗುಂಡಿ ಒತ್ತಿದರೂ ಸಾಕು, ಮರಿಯ ಫೋನಿನಲ್ಲಿ ತಂತಾನೆ ಉತ್ತರ ಮೂಡುತ್ತದೆ, ತಾಂತ್ರಿಕ ಕಾರಣ, ಅವಳು ಸುಳ್ಳು ಹೇಳಿದಂತೆಯೂ ಆಗುವುದಿಲ್ಲ, ಸುಳ್ಳು ಹೇಳುವುದು ಅವಳ ಕೈಕೆಳಗಿನ ಮೂರು ಸಾಲು.

ಹನ್ನೆರಡೂವರೆ. ಅವಳು ಫೈಲು ತೆರೆಯುತ್ತಾಳೆ, ಮೂರನೆಯ ಸಾಲಿಗೆ ಹೋಗುತ್ತಾಳೆ, ಅಳಿಸುವ ಗುಂಡಿಯನ್ನು ಒಂದೊಂದೇ ಸಲ ಒತ್ತುತ್ತಾಳೆ, ರ ಹೋಯಿತು, ಥಿ ಹೋಯಿತು, ಸ್ ಹೋಯಿತು, ಎಲ್ಲ ಹೋಗಿ ಚಿಹ್ನೆಯ ಪಕ್ಕ ಚಿಹ್ನೆ, ನಡುವೆ ಏನೂ ಇಲ್ಲ, ದೂರಿನ ಪುಟದಲ್ಲಿದ್ದ ತಾಂತ್ರಿಕ ಕಾರಣವನ್ನೂ ಹಾಗೇ ಹಿಂಡಿ ತೆಗೆಯುತ್ತಾಳೆ, ಸರ್ವರಿಗೆ ಕಳಿಸುತ್ತಾಳೆ, ಪುಟ ತೆರೆದು ನೋಡುತ್ತಾಳೆ, ಆಸ್ಪತ್ರೆಯ ಇಪ್ಪತ್ತು ಹಾಸಿಗೆಯಲ್ಲಿ ಆರರ ಮುಂದೆ ಬಿಳಿ, ಹಲ್ಲು ಬಿದ್ದ ಬಾಯಿ, ನೋಡಿದವರು ಹೌಹಾರಲಿ, ಎದ್ದು ಓಡಲಿ, ಗಾಜು ಬಡಿಯಲಿ, ಆ ಆರು ಮನೆಯವರು ಈಗ ಎದ್ದು ಚಪ್ಪಲಿ ಮೆಟ್ಟುತ್ತಿರಬಹುದು. ಈಗ ಕಾರಣದ ಜಾಗ. ಖಾಲಿ ಬಿಟ್ಟರೆ ಖಾಲಿಯೇ ಹೋಗುತ್ತದೆ, ತುಂಬಿಕೊಡುವವರು ಯಾರೂ ಇಲ್ಲ. ಬರೆಯುತ್ತಾಳೆ, ಅಕ್ಷರ ತಪ್ಪುತ್ತದೆ, ತಿದ್ದುತ್ತಾಳೆ — ನರ್ಸ್ ಏನೂ ಬರೆದಿರಲಿಲ್ಲ. ಅಲ್ಲಿ ಏನೂ ಇಲ್ಲದಾಗ ಸ್ಥಿರ ಎಂದು ತೋರಿಸುವ ಹಾಗೆ ಮಾಡಿದ್ದು ನಾನು, ಎರಡು ವರ್ಷದ ಹಿಂದೆ. ಅದು ಡಾಕ್ಟರ ಮಾತಲ್ಲ, ನನ್ನದು. ನಿನ್ನನ್ನು ಮಲಗಲು ಕಳಿಸಿದ್ದೂ ನಾನೇ. ನಿನ್ನ ತಪ್ಪು ಏನೂ ಇಲ್ಲ ಮರಿ. ಚಿಕ್ಕಮ್ಮ. ಮ್ಯಾನೇಜರ್ ಓದುತ್ತಾರೆ, ಓದಲಿ, ಕೆಲಸ ಹೋದರೆ ಹೋಗಲಿ. ಗುಂಡಿ ಒತ್ತುತ್ತಾಳೆ. ಟಪ್.

ಎದೆ ಹಗುರಾಗುತ್ತದೆ ಅಂದುಕೊಂಡಿದ್ದಳು, ಆಗಲಿಲ್ಲ, ಆದರೂ ಏನೋ ಒಂದು ಸಡಿಲವಾಯಿತು, ಬಿಗಿದ ಗಂಟಿನ ಒಂದು ಎಳೆ, ಅಕ್ಕ, ಸೊನ್ನೆ ಕೊಡು, ಕಡಿತ ಮಾಡಬೇಡ, ಗೊತ್ತಿಲ್ಲದ ಕಡೆ ಖಾಲಿ ಬಿಟ್ಟಿದ್ದೇನೆ ನೋಡು, ಹೇಳಿದ್ದೇನೆ ನೋಡು ಎಲ್ಲವನ್ನೂ — ಯಾರೋ ಬಕೆಟ್ ಎತ್ತಿಕೊಂಡು ಹೋದರು, ಈಗ ಹನಿ ನೇರವಾಗಿ ನೆಲಕ್ಕೆ ಬೀಳುತ್ತಿದೆ, ಜನ ಊಟಕ್ಕೆ ಏಳುತ್ತಿದ್ದಾರೆ, ಕುರ್ಚಿಗಳ ಸದ್ದು, ಡಬ್ಬಿಗಳ ಸದ್ದು, ಮೇಜಿನ ಮೇಲೆ ಫೋನು ಒಮ್ಮೆ ಗುರ್ ಅಂದು ಸುಮ್ಮನಾಗುತ್ತದೆ, ಮರಿ. ಓದಿದೆ ಹಾಗಾದರೆ. ಬೈಯಲಿ, ಇನ್ನು ನಿನ್ನ ಮುಖ ನೋಡಲ್ಲ ಅನ್ನಲಿ, ಏನಾದರೂ ಅನ್ನಲಿ, ಎಲ್ಲಕ್ಕೂ ತಯಾರಾಗಿ ಎತ್ತಿಕೊಳ್ಳುತ್ತಾಳೆ, ಬೈಗುಳ ಇಲ್ಲ, ಈ ಹುಡುಗಿಗೆ ಬೈಯುವುದೇ ಗೊತ್ತಿಲ್ಲ, ಅಮ್ಮನ ಮಗಳು, ಒಂದೇ ಸಾಲು, ಹಾಗಾದ್ರೆ ಸಾಕ್ಸ್ ಚಿಕ್ಕಮ್ಮ, ಎರಡೂ ಕಾಲಿಗೆ ಹಾಕಿದ್ದೆ ತಾನೆ.

ಉತ್ತರ ಬರೆಯುವ ಜಾಗ ಬಿಳಿಯಾಗಿದೆ, ಕರ್ಸರಿನ ಕಡ್ಡಿ ಮಿನುಗುತ್ತಿದೆ, ಹ್ಞೂಂ ಅಂದರೆ ಮುಗಿಯಿತು, ಒಂದೇ ಅಕ್ಷರ, ಮಗು ಇವತ್ತಾದರೂ ಮಲಗುತ್ತದೆ, ಇದನ್ನು ತೋರಿಸುವ ಪುಟ ಯಾವುದೂ ಇಲ್ಲ, ಸರ್ಟಿಫಿಕೇಟಿನಲ್ಲಿ ಬರೆದಿಲ್ಲ, ಬಟ್ಟೆ ಸುತ್ತಿಯಾಗಿತ್ತು, ಕಂಡವಳು ಅವಳೊಬ್ಬಳೇ, ಹೆಬ್ಬೆರಳು ಹ್ಞ ಹತ್ತಿರ ಹೋಗುತ್ತದೆ, ನಿಲ್ಲುತ್ತದೆ, ಹೋಗುತ್ತದೆ, ಫೋನಿನಲ್ಲಿ ಚಾರ್ಜ್ ಮುಗಿಯುತ್ತ ಬಂದಿದೆ, ಕೆಂಪಗೆ, ಬ್ಯಾಗಿಗೆ ಕೈ ಹಾಕಿ ಚಾರ್ಜರ್ ಎಳೆಯುತ್ತಾಳೆ, ಅದರ ಬಾಲಕ್ಕೆ ಸುತ್ತಿಕೊಂಡು, ಬೂದು, ಉಣ್ಣೆ, ಹಿಮ್ಮಡಿಯ ಹತ್ತಿರ ಅವಳು ಎಳೆದೆಳೆದು ಹಿಗ್ಗಿದ್ದು ಹಾಗೇ ಇದೆ — ಒಡೆದ ಉಗುರು, ಮಡಚದ ಬೆರಳು, ಎಡಗಾಲಿಗೆ ಚೀಲ, ಬಲಗಾಲು ಬರಿದು, ಬಲಗಾಲು ಬರಿದು